ಕರಿ ಉಣ್ಣೆ ಸಮುದ್ರ ದಾಟಿದ ಮಳೆಗಾಲ

ಮೊನ್ನೆ ಕೊಲ್ಹಾಪುರದಿಂದ ಇಚಲಕರಂಜಿಗೆ ಹೊರಟ ಬಸ್ಸಿಗೆ ದಾರಿಯಲ್ಲಿ ಒಬ್ಬ ಮುದುಕ ಹತ್ತಿದ. ಹೊರಗೆ ವರ್ಷದ ಮೊದಲ ಜೋರು ಮಳೆ. ಅವನು ತಲೆಯ ಮೇಲೆ ಕೊಪ್ಪೆ ಹಾಕಿಕೊಂಡಿದ್ದ ಕರಿ ಕಂಬಳಿ ನೆನೆದು ತೊಪ್ಪೆಯಾಗಿತ್ತು. ಬಾಗಿಲಲ್ಲೇ ಅದನ್ನು ಕೊಡವಿ, ಮಡಚಿ, ನನ್ನ ಪಕ್ಕದಲ್ಲಿ ಕುಳಿತು ತೊಡೆಯ ಮೇಲಿಟ್ಟುಕೊಂಡ. ಮುಂದಿನ ಸೀಟಿನ ಹುಡುಗಿ ಮೂಗಿಗೆ ಓಢಣಿ ಹಿಡಿದಳು. ಕಂಡಕ್ಟರ್ ಮರಾಠಿಯಲ್ಲಿ "ಬಾಬಾ, ಘೊಂಗಡಿ ಖಾಲೀ ಠೇವಾ" ಎಂದು ಗದರಿ ಕೆಳಗೆ ಕೈ ತೋರಿಸಿದ. "ಇರ್ಲಿ ಬಿಡ್ರಿ, ನನಗೇನ ತ್ರಾಸಿಲ್ಲ" ಎಂದು ನಾನು ಅಡ್ಡ ಬಂದೆ. ಅಷ್ಟೇ ಅಲ್ಲ, ಯಾರಿಗೂ ಗೊತ್ತಾಗದಂತೆ ಮುದುಕನ ಕಡೆಗೆ ಇನ್ನಷ್ಟು ಸರಿದು ಕುಳಿತೆ.

ಹಸಿ ಉಣ್ಣೆಯ ವಾಸನೆ ಯಾರಿಗೂ ಹಿಡಿಸುವಂಥದ್ದಲ್ಲ. ಅದರಲ್ಲಿ ಕುರಿ ಇರುತ್ತದೆ, ಒಲೆಯ ಹೊಗೆ ಇರುತ್ತದೆ, ಹುಳಿ ಹಿಡಿದ ಎಣ್ಣೆಯಂಥ ಜಿಡ್ಡು ಇರುತ್ತದೆ. ನನಗೆ ಮಾತ್ರ ಆ ವಾಸನೆ ಬಂದರೆ ಪಕ್ಕದಿಂದ ಏಳಲು ಮನಸ್ಸಾಗುವುದಿಲ್ಲ. ಬದುಕಿನಲ್ಲಿ ಒಂದು ಮಳೆಗಾಲವನ್ನು ವಾಪಸು ಕೊಡುತ್ತೇನೆ ಎಂದು ಯಾರಾದರೂ ಹೇಳಿದರೆ, ಮದುವೆಯಾದ ವರ್ಷವನ್ನಲ್ಲ, ಮಗ ಹುಟ್ಟಿದ ವರ್ಷವನ್ನೂ ಅಲ್ಲ, ಜಪಾನಿನಿಂದ ಕಿಯೊಕೊ ಬಂದ ವರ್ಷವನ್ನೇ ಕೇಳಿಕೊಳ್ಳುತ್ತೇನೆ. ಮನೆಯವರು ಇದನ್ನು ಓದಿ ಬೇಜಾರು ಮಾಡಿಕೊಂಡರೆ ಮಾಡಿಕೊಳ್ಳಲಿ.

ಗಡಹಿಂಗ್ಲಜದ ಪೇಟೆಯಲ್ಲಿ ನಮ್ಮ ಅಪ್ಪನದು ಮೆಣಸಿನಕಾಯಿ, ಶೇಂಗಾದ ಅಡತಿ ಅಂಗಡಿ. ಮನೆಯಲ್ಲಿ ಕನ್ನಡ, ಅಂಗಡಿಯಲ್ಲಿ ಮರಾಠಿ, ಜಗಳಕ್ಕೆ ಎರಡೂ. ಅಂಥ ಮನೆಯ ಮಗಳಿಗೆ ಜಪಾನಿ ಭಾಷೆ ಬಂದದ್ದು ಹೇಗೆ ಎಂದು ಎಲ್ಲರೂ ಕೇಳುತ್ತಾರೆ. ಪುಣೆಯ ಹಾಸ್ಟೆಲಿನಲ್ಲಿ ನನ್ನ ಕೋಣೆಯ ಗೆಳತಿ ಜಪಾನಿ ಕ್ಲಾಸಿಗೆ ಹೊರಟಿದ್ದಳು. ಒಬ್ಬಳೇ ಹೋಗಲು ಬೇಜಾರೆಂದು ನನ್ನನ್ನೂ ಎಳೆದುಕೊಂಡು ಹೋದಳು. ಅವಳು ಎರಡನೇ ತಿಂಗಳಿಗೆ ಕೈ ಎತ್ತಿದಳು. ನಾನು ಉಳಿದೆ. ಓದು ಮುಗಿದ ಮೇಲೆ ಕೊಲ್ಹಾಪುರದ ಒಂದು ಫೌಂಡ್ರಿಯಲ್ಲಿ ಕೆಲಸ ಸಿಕ್ಕಿತು. ಜಪಾನಿನ ಪಂಪುಗಳಿಗೆ ಎರಕದ ಭಾಗಗಳನ್ನು ಮಾಡಿ ಕಳಿಸುವ ಫೌಂಡ್ರಿ. ಅವರ ನಕ್ಷೆಗಳ ಮೇಲಿನ ಬರಹವನ್ನು ಮರಾಠಿಗೆ ಮಾಡುವುದು ನನ್ನ ಕೆಲಸ. ವರ್ಷಗಟ್ಟಲೆ ಆ ಭಾಷೆಯಲ್ಲಿ ನಾನು ಮಾತಾಡಿದ್ದೆಲ್ಲ ಬೋಲ್ಟು, ತೂತು, ಬಿರುಕುಗಳ ಬಗ್ಗೆ.

ಒಂದು ದಿನ ಇಚಲಕರಂಜಿಯಿಂದ ಶಿವಾಮಾಮಾನ ಫೋನು. ಅವನು ನನ್ನ ಸೋದರಮಾವ, ಅಲ್ಲಿ ಪವರ್‌ಲೂಮಿನ ಶೆಡ್ಡು ಇಟ್ಟವನು. ಲೂಮಿನ ಸದ್ದಿನಲ್ಲೇ ಮುದುಕರಾದ ಎಲ್ಲರಂತೆ ಅವನಿಗೂ ಕಿವಿ ಅಷ್ಟಕ್ಕಷ್ಟೇ. ಹಾಗಾಗಿ ಫೋನಿನಲ್ಲಿಯೂ ಕೂಗಿಯೇ ಮಾತಾಡುತ್ತಿದ್ದ.

"ಗಿರ್ಜಾ, ಜಪಾನದಿಂದ ಒಬ್ಬಾಕಿ ಬಂದಾಳವಾ. ನಮ್ಮ ಕಾಟನ್ ಬಟ್ಟಿ ಮುಂಬೈದವ್ರ ಕಡಿಂದ ತಗೋತಾರಂತ. ಲೂಮ ನೋಡ್ತೇನಿ ಅಂತ ನಿಂತಾಳ. ನಾ ಏನ್ ಹೇಳಿದ್ರೂ ಬಗ್ಗಿ ನಮಸ್ಕಾರ ಮಾಡಾಕತ್ತಾಳ. ನಾನೂ ಬಗ್ಗಿ ಬಗ್ಗಿ ಸೊಂಟ ಹೋತು. ಲಗೂನ ಬಾ."

ಎರಡು ದಿನದ ರಜೆ ಹಾಕಿ ಹೋದೆ. ಫೌಂಡ್ರಿಗೆ ಸಂಬಳವಿಲ್ಲದ ರಜೆ ಬರೆದು ಕಳಿಸಿ, ದೀಪಾವಳಿ ಹತ್ತಿರ ಬರುವವರೆಗೆ ತಿರುಗಿ ಬರಲಿಲ್ಲ.

ಕಿಯೊಕೊಗೆ ಆಗಲೇ ಅರವತ್ತರ ಹತ್ತಿರ. ಕುಳ್ಳಗೆ, ಗಟ್ಟಿಮುಟ್ಟಾಗಿ, ಬಿಳಿ ಕೂದಲನ್ನು ಹುಡುಗರ ಹಾಗೆ ಕತ್ತರಿಸಿಕೊಂಡಿದ್ದಳು. ಮೊದಲ ದಿನ ಪಂಚಗಂಗೆಯ ಸೇತುವೆಯ ಮೇಲೆ ಗಾಡಿ ನಿಲ್ಲಿಸಲು ಹೇಳಿ ಬಹಳ ಹೊತ್ತು ನೀರು ನೋಡಿದಳು. ಬೇಸಿಗೆಯ ಕೊನೆಯ ನೀರು, ಕರ್ರಗೆ, ಮೇಲೆಲ್ಲ ಅಂತರಗಂಗೆಯ ಬಳ್ಳಿ. "ನಾನು ಚಿಕ್ಕವಳಿದ್ದಾಗ ನಮ್ಮೂರ ನದಿಯೂ ಹೀಗೇ ಇತ್ತು. ಆ ವರ್ಷ ಯಾವ ಬಣ್ಣದ ಬಟ್ಟೆಗೆ ಬೇಡಿಕೆಯೋ ಆ ಬಣ್ಣದ ನೀರು. ನಮ್ಮ ನದಿ ಈಗ ಚೆನ್ನಾಗಿದೆ, ಯಾಕೆಂದರೆ ಬಣ್ಣ ಹಾಕುವ ಕೆಲಸವನ್ನು ನಿಮ್ಮಂಥವರ ಊರಿಗೆ ಕಳಿಸಿದ್ದೇವೆ," ಎಂದಳು. ಅವಳ ಕಂಪನಿಗೆ ಬಣ್ಣವನ್ನೇ ಹಾಕದ ಬಟ್ಟೆ ಬೇಕಿತ್ತು. ಯಾವ ನದಿಗೂ ಭಾರವಾಗದ ಬಟ್ಟೆ. ಅದನ್ನು ಹುಡುಕುವ ಕೆಲಸ ಇವಳ ಪಾಲಿಗೆ ಬಂದಿತ್ತು.

ಹುಡುಕಿದ್ದು ಹತ್ತಿಯಲ್ಲಿ, ಸಿಕ್ಕಿದ್ದು ಕುರಿಯಲ್ಲಿ. ಮರುದಿನ ಹತ್ತಿರದ ಹಳ್ಳಿ ದಾನೋಳಿಯ ಕಡೆ ಹೋಗುವಾಗ ರಸ್ತೆ ಪಕ್ಕದ ಹೊಲದಲ್ಲಿ ಕುರಿಗಳ ಉಣ್ಣೆ ಕತ್ತರಿಸುತ್ತಿದ್ದರು. ಮಳೆ ಶುರುವಾಗುವ ಮುಂಚೆ ಕತ್ತರಿಸಿಬಿಡದಿದ್ದರೆ ಕುರಿಯ ಮೈ ಒಣಗದೆ ಜಡ್ಡು ಬರುತ್ತದೆ. ಹಿಂಡಿಗೆ ಹಿಂಡೇ ಕರಿ. ಯಜಮಾನ ಮಾಳಪ್ಪ ಉಣ್ಣೆಯನ್ನು ಬುಟ್ಟಿಯಲ್ಲಿ ತುಂಬಿ ತುಂಬಿ ಬದುವಿನಾಚೆಯ ತಗ್ಗಿಗೆ ಸುರಿಯುತ್ತಿದ್ದ. ಕಿಯೊಕೊ ಗಾಡಿಯಿಂದ ಇಳಿದು ಸೀದಾ ಆ ತಗ್ಗಿಗೆ ಇಳಿದಳು. ಉಣ್ಣೆಯನ್ನು ಎರಡೂ ಕೈಯಲ್ಲಿ ಎತ್ತಿ, ಎಳೆ ಎಳೆಯಾಗಿ ಬಿಡಿಸಿ, ಬಿಸಿಲಿಗೆ ಹಿಡಿದು ನೋಡಿದಳು.

"ಯಾಕೆ ಎಸೆಯುತ್ತಿದ್ದಾರೆ ಎಂದು ಕೇಳು," ಎಂದಳು. ಕೇಳಿದೆ.

"ಇಟಗೊಂಡ ಏನ್ ಮಾಡೂದ್ರಿ ಅಕ್ಕಾರ?" ಮಾಳಪ್ಪ ಬುಟ್ಟಿ ಕೆಳಗಿಟ್ಟ. "ಮೊದಲ ಕಂಬಳಿ ನೇಯವ್ರು ಮನೀಗ ಬಂದು ಒಯ್ತಿದ್ರು. ಈಗ ಎಲ್ಲಾರೂ ಪೇಟ್ಯಾಗಿನ ಚಾದರ ಹೊಚಗೋತಾರ. ಕತ್ತರಸಾಕೂ ನಾವಽ ರೊಕ್ಕ ಕೊಡೂದು, ಒಗ್ಯಾಕೂ ನಾವಽ ಹೊರೂದು. ಅದಕ್ಕಽ ಈ ದೀಪಾವಳಿಗೆ ಮಾಡಗ್ಯಾಳ ಟಗರು ತರಾಂವ ಅದೇನಿ."

ಮಾಡಗ್ಯಾಳ ಎಂದರೆ ಜತ್ತದ ಕಡೆಯ ತಳಿ. ಬಿಳಿ ಮೈಮೇಲೆ ಕೆಂಪು ಮಚ್ಚೆ, ಗಿಳಿಮೂಗು. ಉಣ್ಣೆ ಇಲ್ಲ, ಮಾಂಸ ಜಾಸ್ತಿ. ಹಿಂಡಿಗೆ ಅಂಥ ಟಗರು ಬಂದರೆ ನಾಲ್ಕೈದು ವರ್ಷಗಳಲ್ಲಿ ಕರಿ ಕುರಿ ಎಂಬುದು ಉಳಿಯುವುದಿಲ್ಲ. ಅಷ್ಟರಲ್ಲಿ ಕುರಿಯ ಕಾಲು ಹಿಡಿದು ಕುಳಿತಿದ್ದ ಅವನ ಹೆಂಡತಿ ಯಲ್ಲವ್ವ ತಲೆ ಎತ್ತದೆಯೇ ಹೇಳಿದಳು: "ತರ್ತಾನಂತ. ಇವು ಯಾರ ಕುರಿ ಅಂತ ಕೇಳ್ರಿ ಅವಂಗ. ನಮ್ಮಪ್ಪ ನನ್ನ ಜೋಡಿ ಕಳಿಸಿದ ಕುರಿ ಇವು. ನಾ ಈ ಮನೀಗ ಬರೂವಾಗ ಇದಽ ಕರಿ ಹಿಂಡ ನನ್ನ ಹಿಂದ ನಡಕೊಂತ ಬಂದೈತಿ."

ಅಂದು ಕಿಯೊಕೊ ಒಂದು ಸಂಗತಿ ಬೇಡಿಕೊಂಡಳು. ಟಗರು ಬದಲಿಸಬೇಡಿ, ಈ ಉಣ್ಣೆಯಿಂದ ಬಟ್ಟೆ ಮಾಡಿಸಿ ಕಂಪನಿಗೆ ತೋರಿಸುತ್ತೇನೆ, ಅವರು ಒಪ್ಪಿದರೆ ವರ್ಷ ವರ್ಷವೂ ತೆಗೆದುಕೊಳ್ಳುತ್ತಾರೆ. ಮಾಳಪ್ಪ ಬಹಳ ಹೊತ್ತು ತಂಬಾಕು ತಿಕ್ಕಿದ.

"ದೀಪಾವಳಿ ಪಾಡ್ಯಾದ ತನಕ ತಡೀತೇನಿ ಅಂತ ಹೇಳ್ರಿ. ಆಮ್ಯಾಲ ನನಗೇನೂ ಕೇಳಬ್ಯಾಡ್ರಿ."

ಹೀಗೆ ಶುರುವಾಯಿತು ಆ ಮಳೆಗಾಲ. ನಾನು, ಕಿಯೊಕೊ ಇಬ್ಬರೂ ಶಿವಾಮಾಮಾನ ಮನೆಯಲ್ಲೇ ಉಳಿದೆವು. ಬೆಳಗಾದರೆ ದಾನೋಳಿ, ಮಧ್ಯಾಹ್ನವಾದರೆ ಲೂಮಿನ ಶೆಡ್ಡು. ತಗ್ಗಿನಲ್ಲಿ ಬಿದ್ದಿದ್ದ ಉಣ್ಣೆಯನ್ನೆಲ್ಲ ಮೇಲೆ ತಂದು ಮುಳ್ಳು, ಕಸ ಆರಿಸಿದೆವು. ಯಲ್ಲವ್ವ ಮತ್ತು ಅವಳ ಓಣಿಯ ಹೆಂಗಸರು ಅಟ್ಟದ ಮೇಲಿದ್ದ ರಾಟಿಗಳನ್ನು ಇಳಿಸಿ ಧೂಳು ಕೊಡವಿದರು. ಕೆಲವರ ಕೈಗೆ ನೂಲುವುದು ಮರೆತೇ ಹೋಗಿತ್ತು. ಮರೆತಿದ್ದೇವೆ ಎಂದು ನಕ್ಕರು, ಆಮೇಲೆ ಬೆರಳುಗಳೇ ನೆನಪು ಮಾಡಿಕೊಂಡವು. ಆ ವರ್ಷ ಮಳೆ ಎಂಥದ್ದು! ತಿಂಗಳುಗಟ್ಟಲೆ ಬಟ್ಟೆ ಒಣಗಲಿಲ್ಲ. ನೂಲಿನ ಲಡಿಗಳನ್ನು ಒಲೆಯ ಮೇಲಿನ ಗಳುವಿಗೆ ತೂಗುಹಾಕಿ ಒಣಗಿಸಬೇಕಾಗುತ್ತಿತ್ತು. ಇಡೀ ಓಣಿಯೇ ಹಸಿ ಉಣ್ಣೆಯ ವಾಸನೆ ಹೊಡೆಯುತ್ತಿತ್ತು. ಬಸ್ಸಿನಲ್ಲಿ ನಮ್ಮಿಬ್ಬರ ಪಕ್ಕ ಯಾರೂ ಕೂಡುತ್ತಿರಲಿಲ್ಲ.

ನೂಲು ಬಂತು, ನೇಯುವವರು ಯಾರು? ಕಂಬಳಿಯ ಕುಣಿಮಗ್ಗಗಳು ನಿಂತು ವರ್ಷಗಳಾಗಿದ್ದವು. ಮಾಮಾನ ಲೂಮಿನಲ್ಲಿ ಉದ್ದಕ್ಕೆ ಹತ್ತಿಯ ಹಾಸು, ಅಡ್ಡಕ್ಕೆ ಉಣ್ಣೆಯ ಹೊಕ್ಕು ಹಾಕಿ ನೋಡೋಣ ಎಂದಳು ಕಿಯೊಕೊ. ಹಾಕಿದರೆ ಲಾಳಿ ಆ ಕಡೆಯಿಂದ ಈ ಕಡೆ ಹಾರುವಷ್ಟರಲ್ಲಿ ನೂಲು ತುಂಡು. ಗಂಟು ಹಾಕು, ಚಾಲೂ ಮಾಡು, ಮತ್ತೆ ತುಂಡು. ಮಾಮಾ ತಲೆ ಚಚ್ಚಿಕೊಂಡ.

"ಏನವಾ ಗಿರ್ಜಾ, ಇದು ಮೀಟರಗಟ್ಟಲೆ ಬಟ್ಟಿ ಕಾರೂ ಊರು. ಇಲ್ಲಿ ಲೂಮಿಗಿ ಎತ್ತಿನ ಗಾಡಿ ಹೂಡಂದ್ರ ಹೆಂಗ? ಬಾಜೂ ಶೆಡ್ಡಿನವ್ರು ನಗಾಕತ್ತಾರ."

ನಗಾಕತ್ತಾರ ಎಂದವನೇ ಮರುದಿನ ಮೂಲೆಯ ಹಳೇ ಲೂಮಿನ ಮೋಟಾರಿಗೆ ಚಿಕ್ಕ ಪುಲ್ಲಿ ಹಾಕಿಸಿದ. ವೇಗ ಅರ್ಧಕ್ಕಿಳಿಯಿತು. ಉಳಿದ ಲೂಮುಗಳೆಲ್ಲ ಕಿವಿ ಕಿತ್ತು ಹೋಗುವಂತೆ ಓಡುತ್ತಿರುವಾಗ ಇದೊಂದು ಮಾತ್ರ ಊಟವಾದ ಮೇಲೆ ಅಡ್ಡಾಡಲು ಹೊರಟ ಯಜಮಾನನ ಹಾಗೆ ಟಕ್, ಟಕ್ ಎಂದು ನಡೆಯತೊಡಗಿತು. ನೂಲು ಆಗೀಗ ತುಂಡಾದರೂ ಬಟ್ಟೆ ಇಳಿಯಿತು. ಅಪ್ಪಟ ಕರಿಯಲ್ಲ, ಕರಿಯೊಳಗೆ ಕಂದು, ಕಂದಿನೊಳಗೆ ಬೂದಿ. ಅಂಗೈಯಗಲ ಬಟ್ಟೆ ಕಾಣುತ್ತಲೇ ಕಿಯೊಕೊ ಬಗ್ಗಿ ಕೆನ್ನೆ ತಾಗಿಸಿದಳು. ನೋಡಲು ಬಂದಿದ್ದ ಯಲ್ಲವ್ವ ತಾನೂ ಬಗ್ಗಿ ಕೆನ್ನೆ ತಾಗಿಸಿ, "ಭಾಳ ಛಲೋ ಆಗೇತಿ, ಕಿಯೊಕವ್ವ" ಎಂದಳು. ಕಿಯೊಕೊ ಅವಳ ಬಾಯನ್ನೇ ನೋಡಿ "ಭಾಳ ಛಲೋ" ಎಂದಳು. ಅಂದಿನಿಂದ ಅವಳು ಕಿಯೊಕವ್ವಳೇ ಆದಳು.

ನನಗೆ ಒಳಗೊಳಗೆ ಹೊಟ್ಟೆಕಿಚ್ಚಾದದ್ದೂ ಉಂಟು. ದುಭಾಷಿ ನಾನು, ನಾನಿಲ್ಲದೆ ಇವರಿಬ್ಬರೂ ದಿನಗಟ್ಟಲೆ ಹರಟುತ್ತಿದ್ದರು. ಒಬ್ಬಳು ಕನ್ನಡ, ಒಬ್ಬಳು ಜಪಾನಿ. ಕುರಿಯ ಕಣ್ಣು ನೋಡಿ ಜಡ್ಡು ಹೇಗೆ ತಿಳಿಯುವುದು, ಸೊಸೆಯರ ಕಾಟ ಎಂಥದ್ದು, ಯಾವ ಹಿಟ್ಟಿನ ಭಕ್ಕರಿಗೆ ಯಾವ ಖಾರ, ಎಲ್ಲವೂ ಆಗುತ್ತಿತ್ತು. ನಾನು ಪಕ್ಕದಲ್ಲಿ ಕುಳಿತು ಉಣ್ಣೆ ಹಿಂಜುತ್ತಿದ್ದೆ. ಆ ಭಾಷೆಯಲ್ಲಿ ಬೋಲ್ಟು, ತೂತುಗಳ ಆಚೆಗೆ ಏನೆಲ್ಲ ಇದೆ ಎಂದು ನನಗೆ ಗೊತ್ತಾದದ್ದು ಕುರಿದಡ್ಡಿಯಲ್ಲಿ. ಅಷ್ಟು ಸುಖವಾಗಿ ನಾನು ಮತ್ತೆಲ್ಲೂ ಕುಳಿತಿಲ್ಲ.

ಕಂಪನಿಯ ಷರತ್ತು ಒಂದೇ, ಆದರೆ ಕಟ್ಟುನಿಟ್ಟು. ಬಟ್ಟೆಗೆ ಹೊರಗಿನದೇನೂ ಸೇರಬಾರದು. ಬಣ್ಣ ಬೇಡ, ಹೊಳಪು ಬೇಡ, ಸುವಾಸನೆ ಬೇಡ. ಮೊದಲ ಬಟ್ಟೆಯಿಂದ ಕಿಯೊಕೊ ಕತ್ತರಿಸಿ ಕಳಿಸಿದ ತುಂಡು ಹೇಗಿದೆಯೋ ಬಟ್ಟೆಯ ಇಡೀ ಸುರುಳಿ, ಪೂರ್ತಿ ಥಾನೂ ಹಾಗೇ ಇರಬೇಕು. ನಾನು ಇದನ್ನು ದಾನೋಳಿಯ ಹೆಂಗಸರಿಗೆ ಹೇಳಿ ಹೇಳಿ ಬೇಜಾರು ಬರಿಸಿದ್ದೆ. "ಬಣ್ಣ ಹಾಕಂಗಿಲ್ರಿ ಅಕ್ಕಾರ, ಎಷ್ಟ ಸಲ ಹೇಳ್ತೀರಿ," ಎಂದು ಯಲ್ಲವ್ವ ರೇಗಿದ್ದಳು.

ನವರಾತ್ರಿ ಮುಗಿದ ಮೇಲೆ ಥಾನು ಸಿದ್ಧವಾಯಿತು. ಕಿಯೊಕೊ ಅದನ್ನು ತನ್ನ ಜೊತೆಗೇ ಒಯ್ಯುವವಳಿದ್ದಳು. ಕಟ್ಟುವ ದಿನ ಮಾಮಾನ ಶೆಡ್ಡಿನ ನೆಲಕ್ಕೆ ಚಾಪೆ ಹಾಸಿ, ಬಟ್ಟೆಯನ್ನು ಪೂರ್ತಿ ಬಿಚ್ಚಿ ಹರವಿ, ಕೊನೆಯ ಬಾರಿ ನೋಡುತ್ತಿದ್ದೆವು. ದಾನೋಳಿಯಿಂದ ಯಲ್ಲವ್ವ ಹೊಸ ಇಳಕಲ್ ಸೀರೆ ಉಟ್ಟು, ಓಣಿಯ ಹೆಂಗಸರನ್ನು ಕರೆದುಕೊಂಡು ಬಂದಳು. ಮಾಳಪ್ಪನೂ ಹಿಂದೆ ಬಂದ. ಬಟ್ಟೆಯ ಮುಂದೆ ನಿಂತು ಯಲ್ಲವ್ವ ಕಣ್ಣು ಮುಚ್ಚಿದಳು. ಉಡಿಗೆ ಕೈ ಹಾಕಿ ತೆಗೆದಳು. ಮುಷ್ಟಿ ತುಂಬ ಕುರಿಗಾರರ ದೇವರಾದ ಬೀರದೇವರ ಭಂಡಾರ, ಅಪ್ಪಟ ಅರಿಷಿಣದ ಪುಡಿ.

"ಬ್ಯಾಡ ಯಲ್ಲವ್ವಾ!" ಎಂದು ನಾನು ಕೂಗುವಷ್ಟರಲ್ಲಿ ಬಟ್ಟೆಯ ಉದ್ದಕ್ಕೂ ಭಂಡಾರ ಹಾರಿತ್ತು. ಅವಳ ಹಿಂದೆ ಉಳಿದ ಹೆಂಗಸರೂ ಎರಚಿದರು. ಕಿಯೊಕೊ ಒಂದು ಹೆಜ್ಜೆ ಮುಂದೆ ಬಂದಿದ್ದಳು, ಕೈ ಅರ್ಧ ಎತ್ತಿದ್ದಳು. ಯಲ್ಲವ್ವ ತಿರುಗಿ ಅವಳ ಹಣೆಗೂ ಒತ್ತಿದಳು. ಕಿಯೊಕೊ ಕೈ ಇಳಿಸಿ, ತಲೆ ಬಗ್ಗಿಸಿ ನಿಂತುಬಿಟ್ಟಳು.

"ಯಲ್ಲವ್ವಾ, ಬಣ್ಣ ಹಾಕಬ್ಯಾಡ ಅಂತ ಬಡಕೊಂಡಿದ್ನಲ್ಲ!" ಎಂದೆ.

"ಬಣ್ಣ ಯಾರ ಹಾಕ್ಯಾರ್ರಿ?" ಅವಳಿಗೆ ನಿಜಕ್ಕೂ ಅಚ್ಚರಿ. "ಇದು ಭಂಡಾರ ಅಲ್ರಿ? ನೀರ ದಾಟಿ ಪರದೇಶಕ್ಕ ಹೊಂಟೈತಿ. ದ್ಯಾವ್ರ ಕೈ ಇಲ್ಲದ ಹಂಗಽ ಕಳಸ್ತಾರೇನ್ರಿ ಯಾರರ?"

ಕೊಡವಿದೆವು. ಉಣ್ಣೆಯ ಜಿಡ್ಡಿಗೆ ಕಚ್ಚಿಕೊಂಡ ಅರಿಷಿಣ ಬಿಡಲಿಲ್ಲ. ಮಾಮಾ ಸುಮ್ಮನಿರಬೇಕಿತ್ತು. "ಸರೀರಿ ಎಲ್ಲಾರೂ" ಎಂದು ಬಟ್ಟೆ ಒಗೆಯುವ ಸಾಬೂನು ತಂದು ಒಂದು ಅಂಚನ್ನು ತಿಕ್ಕಿದ. ಅರಿಷಿಣಕ್ಕೆ ಸಾಬೂನು ತಾಗಿದರೆ ಏನಾಗುತ್ತದೆ ಎಂದು ನಮ್ಮ ಕಡೆಯ ಚಿಕ್ಕ ಮಕ್ಕಳಿಗೂ ಗೊತ್ತು; ಗಾಬರಿಯಲ್ಲಿ ಮಾಮಾ ಮರೆತಿದ್ದ. ಹಳದಿ ಹೋಗಿ ಕುಂಕುಮದ ಕೆಂಪು ಎದ್ದಿತು. ಯಲ್ಲವ್ವ ಕೈ ಮುಗಿದು, "ಅರಿಷಿಣ ಕುಂಕುಮ ಎಲ್ಡೂ ಆತು ನೋಡ್ರಿ" ಎಂದಳು. ಯಾರು ಮೊದಲು ನಕ್ಕರೋ ನೆನಪಿಲ್ಲ. ಮಾಳಪ್ಪ ಮಾತ್ರ ನಗಲಿಲ್ಲ. ಗೋಡೆಗೆ ಒರಗಿ ನಿಂತು, "ಹೋತು ಬಿಡ್ರಿ. ಟಗರಿನಾಂವಗ ಬಾ ಅಂತ ಹೇಳತೇನಿ," ಎಂದ. ಎಲ್ಲರ ನಗು ನಿಂತಿತು.

ಆ ಸಂಜೆ ನಾನು ಕಿಯೊಕೊಗೆ ಕೇಳಿದೆ, ಯಾಕೆ ತಡೆಯಲಿಲ್ಲ ಎಂದು. "ಅವಳ ಮುಖ ನೋಡಿದೆ. ಆಮೇಲೆ ಕೈ ಮೇಲೇಳಲಿಲ್ಲ. ನಮ್ಮಲ್ಲಿ ಒಳ್ಳೆಯದಾಗಲಿ ಎಂದು ಉಪ್ಪು ಎರಚುತ್ತಾರೆ. ನಿಮ್ಮ ದೇವರಿಗೂ ಉಪ್ಪೇ ಇಷ್ಟವಾಗಿದ್ದರೆ ಎಷ್ಟು ಚೆನ್ನಾಗಿತ್ತು," ಎಂದು ನಕ್ಕಳು.

ಉಳಿದ ದಾರಿ ಒಂದೇ, ಬಿಸಿಲು. ಅರಿಷಿಣದ ಕಲೆಯನ್ನು ಬಿಸಿಲು ತಿನ್ನುತ್ತದೆ. ಆದರೆ ಬಿಸಿಲೆಲ್ಲಿತ್ತು? ಹಿಂಗಾರು ಮೋಡ ಕಟ್ಟಿ ನಿಂತಿತ್ತು. ಯಲ್ಲವ್ವ ಮನೆಗೆ ಹೋಗಲಿಲ್ಲ. ಮಾಮಾನ ಮನೆಯಲ್ಲೇ ಉಳಿದಳು. ಮೂವರೂ ಬೆಳಿಗ್ಗೆಯಿಂದ ಸಂಜೆಯವರೆಗೆ ಗಚ್ಚಿನ ಮೇಲೆ, ಮನೆಯ ತಾರಸಿಯಲ್ಲಿ. ಬಿಸಿಲು ಬಿದ್ದ ಕಡೆ ಬಟ್ಟೆ ಹರವುವುದು, ಹನಿ ಬಿದ್ದರೆ ಸುತ್ತಿಕೊಂಡು ಜಿನಾದ ಮೆಟ್ಟಿಲಿಳಿದು ಓಡುವುದು, ಮೋಡ ಸರಿದರೆ ಮತ್ತೆ ಹತ್ತುವುದು. ಸುತ್ತಲಿನ ಗಚ್ಚುಗಳ ಹೆಂಗಸರು ಶಂಡಿಗೆ ಕಾಯುವುದು ಬಿಟ್ಟು ನಮ್ಮನ್ನು ನೋಡುತ್ತಿದ್ದರು. ಕೆಳಗೆ ಓಣಿಯ ಲೂಮುಗಳ ಸದ್ದು, ಪಾಳಿ ಬದಲಾದಾಗ ಸೈಕಲ್ಲುಗಳ ಗಂಟೆ. ಮೂವರೂ ಒಂದೇ ತಾಟಿನಲ್ಲಿ ಭಕ್ಕರಿ, ಶೇಂಗಾ ಚಟ್ನಿ ತಿಂದೆವು. ಕಿಯೊಕೊ ಅಲ್ಲಿಯೇ ಹೇಳಿದ್ದು, ಬರುವ ವಸಂತಕ್ಕೆ ತನ್ನ ಕೆಲಸ ಮುಗಿಯುತ್ತದೆ, ಕಂಪನಿ ತನ್ನನ್ನು ಇನ್ನು ಎಲ್ಲಿಗೂ ಕಳಿಸುವುದಿಲ್ಲ ಎಂದು. ನಾನು ಅದನ್ನು ಕನ್ನಡಕ್ಕೆ ಮಾಡಿ ಹೇಳಿದೆ. ಯಲ್ಲವ್ವ ಬಟ್ಟೆಯ ಅಂಚು ನೇರ ಮಾಡುತ್ತಾ, "ಕಂಪನಿ ಕಳಸದಿದ್ರ ಏನಾತು, ಕಾಲ ಅದಾವಲ್ಲ" ಎಂದಳು. ಕಿಯೊಕೊ "ಹೌದ್ರಿ" ಎಂದಳು. ಆ ದಿನಗಳು ಇನ್ನೂ ನಾಲ್ಕು ಇದ್ದಿದ್ದರೆ, ಅರಿಷಿಣ ಇನ್ನೂ ಗಟ್ಟಿಯಾಗಿ ಕಚ್ಚಿದ್ದಿದ್ದರೆ ಎಂದು ಈಗಲೂ ಅನಿಸುತ್ತದೆ.

ಹಳದಿ ಬಹುಮಟ್ಟಿಗೆ ಹೋಯಿತು. ಮಾಮಾನ ಸಾಬೂನು ಬಿದ್ದ ಅಂಚಿನಲ್ಲಿ ಸ್ವಲ್ಪ ಕಲೆ ಉಳಿಯಿತು. "ಆದದ್ದನ್ನು ಇದ್ದ ಹಾಗೆ ಹೇಳುತ್ತೇನೆ," ಎಂದು ಕಿಯೊಕೊ ಥಾನು ಕಟ್ಟಿಕೊಂಡು ಹೊರಟಳು. ಕೊಲ್ಹಾಪುರದ ನಿಲ್ದಾಣದಲ್ಲಿ ಯಲ್ಲವ್ವ ಅವಳ ಎರಡೂ ಕೆನ್ನೆ ಸವರಿ ಲಟಿಕೆ ಮುರಿದಳು. ಮುಂಬೈ ರೈಲು ಹೋದ ಮೇಲೆ ನಾನು, ಯಲ್ಲವ್ವ ಇಬ್ಬರೂ ಪ್ಲಾಟ್‌ಫಾರ್ಮಿನ ತುದಿಯವರೆಗೆ ನಡೆದು ಹೋದೆವು, ಸುಮ್ಮನೆ.

ಪಾಡ್ಯ ಬಂತು, ಸುದ್ದಿ ಬರಲಿಲ್ಲ. ಹಬ್ಬದ ಮಧ್ಯಾಹ್ನ ನಾನು ದಾನೋಳಿಗೆ ಹೋದಾಗ ದಡ್ಡಿಯ ಹೊರಗೆ ಗೂಟಕ್ಕೆ ಕೆಂಪು ಮಚ್ಚೆಯ ಟಗರು ಕಟ್ಟಿತ್ತು, ಒಳಗೆ ಕರಿ ಟಗರು. ಜತ್ತದ ವ್ಯಾಪಾರಿ ಚಹಾ ಕುಡಿಯುತ್ತಾ ಕುಳಿತಿದ್ದ. ಕರಿಯದನ್ನು ಅವನು ಒಯ್ಯುವವನು, ಕಟುಕರ ಸಂತೆಗೆ. ಯಲ್ಲವ್ವ ಒಳಗಿನಿಂದ ಹೊರಗೆ ಬರಲೇ ಇಲ್ಲ. ಮಾಳಪ್ಪ ಹೊಸ ಟಗರಿನ ಸುತ್ತ ಒಂದು ಸುತ್ತು ಬಂದ, ಬಾಯಿ ತೆರೆದು ಹಲ್ಲು ನೋಡಿದ, ಬೆನ್ನು ಒತ್ತಿದ, ಮತ್ತೊಂದು ಸುತ್ತು ಬಂದ. ಕೊನೆಗೆ ಹಗ್ಗ ಬಿಚ್ಚಿ ವ್ಯಾಪಾರಿಯ ಕೈಗೇ ಕೊಟ್ಟ.

"ಕಾಲ ಸುಮಾರ ಐತ್ರಿ ಇದರದು. ಕುಂಟತೈತಿ. ಒಯ್ರಿ."

"ಕುಂಟತೈತಿ? ಎಲ್ಲಿ ಕುಂಟತೈತ್ರಿ? ಜತ್ತದಿಂದ ಟೆಂಪೋದಾಗ ಹಾರಿ ಹತ್ತೇತಿ!"

"ನ್ಯಾವ ಮಾಡಬ್ಯಾಡ್ರಿ. ಕುಂಟತೈತಿ ಅಂದ್ರ ಕುಂಟತೈತಿ."

ಆ ಟಗರು ನನಗಿಂತ ನೆಟ್ಟಗೆ ನಡೆಯುತ್ತಿತ್ತು. ವ್ಯಾಪಾರಿ ಬೈದುಕೊಳ್ಳುತ್ತ ಹೋದ. ಮಾಳಪ್ಪ ನನ್ನ ಕಡೆ ನೋಡದೆ, "ಚಳಿಗಾಲ ಮುಗಿಯೂ ತನಕ ನೋಡೂಣು" ಎಂದ. ಒಳಗಿನಿಂದ ಹೋಳಿಗೆಯ ತಾಟು ಹೊರಗೆ ಬಂತು, ತುಪ್ಪ ಸುರಿದು ಮಾಡಿದ್ದು. ಅವನ ತಾಟಿಗೆ ಬಿದ್ದಷ್ಟು ತುಪ್ಪ ನನ್ನ ತಾಟಿಗೆ ಬೀಳಲಿಲ್ಲ.

ಚಳಿಗಾಲದ ನಡುವೆ ಒಂದು ಬೆಳಿಗ್ಗೆ ಫೌಂಡ್ರಿಗೆ ಕಿಯೊಕೊಳ ಫೋನು ಬಂತು. ಕಂಪನಿ ಒಪ್ಪಿತ್ತು. ಭಂಡಾರದ ವಿಷಯ ಕೇಳಿ ಮೊದಲು ಬೇಡವೆಂದಿದ್ದರಂತೆ. ಇವಳು ಬಿಡದೆ ಮತ್ತೆ ಮತ್ತೆ ಹೋಗಿ ಕೂತಳಂತೆ. ಬರೀ ಒಪ್ಪಿಸಿರಲಿಲ್ಲ, ಒಂದು ಕರಾರನ್ನೂ ಮಾಡಿಸಿದ್ದಳು. ಕುರಿ ಎಷ್ಟು ಉಣ್ಣೆ ಕೊಡುತ್ತದೋ ಅಷ್ಟೇ ಬಟ್ಟೆ. ಅದಕ್ಕಿಂತ ಹೆಚ್ಚು ಕೇಳುವ ಹಾಗಿಲ್ಲ, ಮಳೆ ಕೆಟ್ಟ ವರ್ಷ ಕಡಿಮೆ ಬಂದರೆ ದೂರುವ ಹಾಗಿಲ್ಲ, ತೆಗೆದುಕೊಳ್ಳದೆ ಬಿಡುವ ಹಾಗೂ ಇಲ್ಲ. ಅವು ಅವಳ ಕೆಲಸದ ಕೊನೆಯ ದಿನಗಳು. ನಾನು ಫೌಂಡ್ರಿಯಿಂದ ಸೀದಾ ದಾನೋಳಿಗೆ ಹೋಗಿ ಹೇಳಿದೆ. ಮಾಳಪ್ಪ "ನನಗ ಮೊದಲಽ ಗೊತ್ತಿತ್ತು" ಎಂದ.

ಆಮೇಲಿನದು ಸರಾಗ. ವ್ಯಾಪಾರ ಕೂತಿತು. ಗಡಹಿಂಗ್ಲಜದ ಕಡೆಯ ಇಬ್ಬರು ಕುರಿಗಾರರೂ ಕರಿ ಟಗರು ಇಟ್ಟುಕೊಂಡರು. ಮಾಮಾನ ಮೂಲೆಯ ಲೂಮು ಈಗಲೂ ಟಕ್, ಟಕ್ ಎನ್ನುತ್ತದೆ. ಕಂಪನಿ ಕೊಲ್ಹಾಪುರದಲ್ಲಿ ಒಬ್ಬ ಹುಡುಗನನ್ನು ಇಟ್ಟಿದೆ. ಅವನು ಮೊಬೈಲಿನಲ್ಲಿ ಬಟ್ಟೆ ತೋರಿಸುತ್ತಾನೆ, ಅಲ್ಲಿ ಯಾರೋ ತಲೆ ಆಡಿಸುತ್ತಾರೆ, ಮಾತನ್ನು ಮೊಬೈಲೇ ತಿರುಗಿಸಿ ಹೇಳುತ್ತದೆ. ಯಾರೂ ದಡ್ಡಿಯಲ್ಲಿ ಕೂಡಬೇಕಾಗಿಲ್ಲ. ನನ್ನ ಅಗತ್ಯವೂ ಇಲ್ಲ. ಎಲ್ಲವೂ ಚೆನ್ನಾಗಿ ನಡೆಯುತ್ತಿದೆ, ಕಿಯೊಕೊ ಮಾತ್ರ ಬರಲಿಲ್ಲ. ಮೊದಲು ಗಂಡನ ಕಾಯಿಲೆ, ಆಮೇಲೆ ಅವನ ಸಾವು, ಆಮೇಲೆ ಅವಳದೇ ಮಂಡಿ. ಹೋದ ವಾರ ಫೋನಿನಲ್ಲಿ ಹೇಳಿದಳು, ಡಾಕ್ಟರು ವಿಮಾನ ಹತ್ತುವುದು ಬೇಡ ಎಂದಿದ್ದಾರೆ, ಇನ್ನು ಆಗುವುದಿಲ್ಲ, ಯಲ್ಲವ್ವನಿಗೆ ನೀನೇ ಹೋಗಿ ಹೇಳು ಎಂದು. ಮೊನ್ನೆ ಆ ಬಸ್ಸಿನಲ್ಲಿ ನಾನು ಹೊರಟಿದ್ದು ಅದನ್ನು ಹೇಳಲು.

ದಾನೋಳಿಯಲ್ಲಿ ಮಳೆ ನಿಂತಿತ್ತು. ಕತ್ತರಿಸುವ ಕೆಲಸ ಮುಗಿದು ಉಣ್ಣೆಯ ಗಾಡಿ ಆಗಲೇ ಹೊರಟುಹೋಗಿತ್ತು. ನನ್ನ ಮುಖ ನೋಡಿ ಯಲ್ಲವ್ವನಿಗೆ ಏನು ತಿಳಿಯಿತೋ, ಚಹಾಕ್ಕೂ ಕೂರಿಸದೆ ಒಳಕೋಣೆಗೆ ಕರೆದುಕೊಂಡು ಹೋದಳು. ಮೂಲೆಯಲ್ಲಿ ಹಳೇ ಸೀರೆಯಲ್ಲಿ ಕಟ್ಟಿದ ದೊಡ್ಡ ಗಂಟು. ಬಿಚ್ಚಿದಳು. ಬೇವಿನ ಎಲೆಯ ನಡುವೆ ಕರಿ ಉಣ್ಣೆ, ಒಂದು ವರ್ಷದ್ದಲ್ಲ, ಪದರು ಪದರಾಗಿ ವರ್ಷ ವರ್ಷದ್ದು.

"ಇದು ಯಾಕ ಗಾಡಿಗಿ ಹಾಕಿಲ್ಲ?" ಎಂದೆ.

"ಪ್ರತೀ ಸಲ ಕತ್ತರಸೂವಾಗ ಮೊದಲನೇ ಕುರೀದು ದ್ಯಾವ್ರಿಗೆ ಬಿಡ್ತೇವ್ರಿ. ಎಲ್ಡನೇದು ಕಿಯೊಕವ್ವಂದು. ಅದು ಮಾರೂದಲ್ಲ."

ಬಾಗಿಲಲ್ಲಿ ನಿಂತಿದ್ದ ಮಾಳಪ್ಪ, "ಆ ಕಂಪನಿ ಹುಡುಗ ಎಷ್ಟ ಸಲ ಕೇಳ್ಯಾನ್ರಿ. ಕೈ ಮುಟ್ಟಗೊಡವಲ್ಲಳು," ಎಂದ.

ಒಂದು ಕಾಲದಲ್ಲಿ ಯಾರಿಗೂ ಬೇಡವೆಂದು ತಗ್ಗಿಗೆ ಸುರಿದ ಉಣ್ಣೆ. ಈಗ ಎಳೆ ಬಿಡದೆ ಎಲ್ಲವೂ ಸಮುದ್ರ ದಾಟುತ್ತದೆ, ಇದೊಂದನ್ನು ಬಿಟ್ಟು. ನನಗೆ ತಡೆಯಲಾಗಲಿಲ್ಲ. ಅಳುತ್ತಲೇ ಸುದ್ದಿ ಹೇಳಿದೆ. ಯಲ್ಲವ್ವ ಕೇಳಿಸಿಕೊಂಡಳು. ಉಣ್ಣೆಯಲ್ಲಿ ಸಿಕ್ಕಿದ್ದ ಒಂದು ಮುಳ್ಳನ್ನು ಆರಿಸಿ ತೆಗೆದಳು. ಆಮೇಲೆ ಗಂಟಿನ ನಾಲ್ಕೂ ಮೂಲೆ ಎಳೆದು ಬಿಗಿಯಾಗಿ ಕಟ್ಟಿದಳು.

"ಹಂಗಾದ್ರ ನೀವಽ ಹೋಗ್ರಿ."

"ನಾನಾ? ಜಪಾನಕ್ಕ?"

"ಯಾಕ್ರಿ? ಆ ಮಾತ ಬರ್ತೈತಿ ನಿಮಗ. ಆಕಿ ಬಂದು ನಮ್ಮ ದಡ್ಡ್ಯಾಗ ಕುಂತ್ಲು, ನಮ್ಮ ತಾಟಿನ್ಯಾಗ ಉಂಡ್ಲು. ನಮ್ಮವ್ರ ಪೈಕಿ ಒಬ್ಬರರ ಆಕಿ ಮನೀಗ ಹೋಗೇವೇನ್ರಿ? ಬರೇ ಮಾಲ ಹೋದ್ರ ಮುಗೀತೇನು?"

ಅರ್ಧ ಬದುಕು ಆ ದೇಶದ ಅಕ್ಷರ ಓದಿಯೇ ಕಳೆದವಳು ನಾನು. ಯಾರೂ ಕಳಿಸಲಿಲ್ಲ ಎಂದು ಹೋಗಿರಲಿಲ್ಲ. ಯಲ್ಲವ್ವ ನನ್ನ ಮಾತಿಗೆ ಕಾಯಲಿಲ್ಲ. ಗಂಟನ್ನು ಎತ್ತಿ ನನ್ನ ತಲೆಯ ಮೇಲೆ ಇಟ್ಟಳು. ಬೀಳಬಾರದಲ್ಲ, ಎರಡೂ ಕೈ ಎತ್ತಿ ಹಿಡಿದುಕೊಂಡೆ.